ಮಿಣಿ ಎಳೆಯುವ ಹೊತ್ತು

ಹೋಳಿ ಹುಣ್ಣಿಮೆ ಮುಗಿದ ಬೆನ್ನಿಗೆ ಕಲಬುರಗಿಯಲ್ಲಿ ಶರಣಬಸವೇಶ್ವರರ ತೇರು ಎಳೆಯುವುದನ್ನು ನೀವು ಕಂಡಿದ್ದೀರಿ. ಮಿಣಿಗೆ ಎಷ್ಟೇ ಕೈ ಬಿದ್ದರೂ ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಜಗ್ಗಿದರೆ ಗಾಲಿ ಮಿಸುಕುವುದಿಲ್ಲ. ಜಯಘೋಷ ಎದ್ದಾಗ ಎಲ್ಲರೂ ಒಮ್ಮೆಗೇ ಜಗ್ಗಬೇಕು. ಮಿದುಳಿನ ವಿದ್ಯುತ್ತನ್ನು ಬರೆದುಕೊಳ್ಳುವ ಇಇಜಿಯ ಚರಿತ್ರೆ ಓದುವಾಗ ನನಗೆ ಆ ಮಿಣಿಯೇ ಕಣ್ಣಿಗೆ ಕಟ್ಟುತ್ತದೆ.

ಜರ್ಮನಿಯ ಯೇನಾದಲ್ಲಿ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯರ ಇಇಜಿಯನ್ನು ಮೊದಲ ಸಲ ಪಡೆದು, 1929ರಲ್ಲಿ ಪ್ರಕಟಿಸಿದರು. ಅವರ ಚಿತ್ರಗಳಲ್ಲಿ ಮಿದುಳಿನ ಗೆರೆಯ ಕೆಳಗೆ ಮತ್ತೊಂದು ಗೆರೆಯಿದೆ. ಅದು ಸೆಕೆಂಡಿನ ಹತ್ತನೇ ಒಂದು ಭಾಗವನ್ನು ಎಣಿಸುತ್ತದೆ. ತಾವು ಕಂಡದ್ದು ನಾಡಿಯ ಮಿಡಿತವಲ್ಲ ಎಂದು ಖಚಿತಪಡಿಸಿಕೊಳ್ಳಲು ಅವರು ಹೃದಯದ ಬಡಿತವನ್ನೂ ಜೊತೆಗೇ ಬರೆದರು. ಹೊರಗಿನ ಸಂಕೇತವನ್ನು ಇಇಜಿಗೆ ಹೊಂದಿಸುವ ಕೆಲಸ ಅಲ್ಲಿಂದಲೇ ಶುರು.

ಲಂಡನ್ನಿನ ಜಾರ್ಜ್ ಡಾಸನ್ ಮಾಡಿದ್ದಂತೂ ನಮ್ಮ ತೇರಿನ ಲೆಕ್ಕವೇ. ಕೈಯ ನರಕ್ಕೆ ಚಿಕ್ಕ ವಿದ್ಯುತ್ ಚುರುಕು ಕೊಟ್ಟರೆ ಮಿದುಳು ಕೊಡುವ ಉತ್ತರ ಎಷ್ಟು ಸಣ್ಣದೆಂದರೆ, ಅದು ಉಳಿದ ಅಲೆಗಳಲ್ಲಿ ಮುಳುಗಿಹೋಗುತ್ತದೆ. ಡಾಸನ್ ಹಲವು ಸಲ ಚುರುಕು ಕೊಟ್ಟು, ಪ್ರತಿ ದಾಖಲೆಯನ್ನೂ ಚುರುಕಿನ ಕ್ಷಣಕ್ಕೆ ಸರಿಯಾಗಿ ಒಂದರ ಮೇಲೊಂದು ಕೂಡಿಸಿದರು. ಹೊಂದಿಕೆಯಿಲ್ಲದ ಅಲೆಗಳು ಒಂದನ್ನೊಂದು ಅಳಿಸಿದವು, ಉತ್ತರ ಮಾತ್ರ ಬೆಳೆಯುತ್ತ ಹೋಯಿತು. ಆರಂಭದ ಕ್ಷಣ ತಪ್ಪಿದ್ದರೆ ಏನೂ ಉಳಿಯುತ್ತಿರಲಿಲ್ಲ. ಇದು 1940ರ ದಶಕದ ಕೊನೆ, 50ರ ದಶಕದ ಆರಂಭದ ಮಾತು.

ಇದೇ ಹೊಂದಿಕೆಯ ಲೆಕ್ಕ ಹಿಡಿದು ಈಗ ನಮ್ಮ ಬಚ್ಚಲುಮನೆಗೆ ಬನ್ನಿ. ತಲೆಯ ಮೇಲೆ ಬಿಸಿನೀರು ಹೊಯ್ದುಕೊಂಡಾಗ ಕೆಲವರಿಗೆ ಫಿಟ್ಸ್ ಬರುತ್ತದೆ. 1945ರಲ್ಲಿ ನ್ಯೂಜಿಲೆಂಡಿನ ಒಬ್ಬ ಬಾಲಕನಲ್ಲಿ ಇದನ್ನು ವರ್ಣಿಸಲಾಗಿತ್ತು. ಆದರೆ ಈ ಕಾಯಿಲೆಯ ವಿವರ ಜಗತ್ತಿಗೆ ಸಿಕ್ಕಿದ್ದು ಹೆಚ್ಚಾಗಿ ಕರ್ನಾಟಕದಿಂದ. ಬೆಂಗಳೂರಿನ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು 1968ರಲ್ಲಿ ತಮ್ಮ ಮೊದಲ ವರದಿ ಕೊಟ್ಟು, 1972ರಲ್ಲಿ 60 ರೋಗಿಗಳ ಇಇಜಿ ವಿವರ ಪ್ರಕಟಿಸಿದರು. 1988ರಲ್ಲಿ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 279 ರೋಗಿಗಳ ಅಧ್ಯಯನ ಮುಂದಿಟ್ಟರು. ಫಿಟ್ಸ್ ತರುವ ಸ್ನಾನ ಹೀಗಿತ್ತು: ಹಂಡೆಯ ನೀರು 40ರಿಂದ 50 ಡಿಗ್ರಿ, ತಂಬಿಗೆಯ ಮೇಲೆ ತಂಬಿಗೆ. ದೆವ್ವ ಮೆಟ್ಟಿತೆಂದು ಮಕ್ಕಳನ್ನು ಅಲೆದಾಡಿಸುತ್ತಿದ್ದ ತಾಯಂದಿರಿಗೆ ಇದೊಂದು ಕಾಯಿಲೆ, ಇದಕ್ಕೆ ಉಪಾಯವಿದೆ ಎಂದು ಹೇಳಿದ ಈ ವೈದ್ಯರ ಋಣ ದೊಡ್ಡದು.

ಸ್ನಾನವಿಲ್ಲದ ಹೊತ್ತಿನಲ್ಲಿ ಇಂಥವರಲ್ಲಿ ಬಹುಪಾಲು ಜನರ ಇಇಜಿ ಸರಿಯಾಗಿಯೇ ಕಾಣುತ್ತದೆ. ಹಾಗಾಗಿ ನೀರು ತಲೆಗೆ ಬಿದ್ದ ಕ್ಷಣ, ಅದರ ಬಿಸಿ, ಅಲೆ ಬದಲಾದ ಕ್ಷಣ, ಮೂರನ್ನೂ ಒಂದೇ ಗಡಿಯಾರದಲ್ಲಿ ನೋಡಬೇಕು. ಪೆನ್ನು ಗೀಚುವ ಕಾಗದದ ಯಂತ್ರದಲ್ಲಿ ಇದು ಸುಲಭವಿತ್ತು. ಸೆಕೆಂಡಿಗೆ 30 ಮಿಲಿಮೀಟರ್ ಸರಿಯುವ ಕಾಗದದ ಮೇಲೆ ಇನ್ನೊಂದು ಪೆನ್ನು ಕೂರಿಸಿದರೆ ಸಾಕು, ಎರಡಕ್ಕೂ ಕಾಗದವೇ ಗಡಿಯಾರ.

ಕಂಪ್ಯೂಟರ್ ಬಂದ ಮೇಲೆ ಒಂದೊಂದು ಯಂತ್ರಕ್ಕೆ ಒಂದೊಂದು ಗಡಿಯಾರವಾಯಿತು. ಎರಡು ಗಡಿಯಾರಗಳ ನಡುವೆ ಹತ್ತು ಲಕ್ಷಕ್ಕೆ ಬರೀ 20 ಪಾಲು ವ್ಯತ್ಯಾಸವಿದ್ದರೂ ಒಂದು ತಾಸಿಗೆ 72 ಮಿಲಿಸೆಕೆಂಡ್ ಸರಿದುಹೋಗುತ್ತದೆ. ಶಬ್ದ ಕೇಳಿದ ಮೇಲೆ ಮಿದುಳಿನ ಒಂದು ಮುಖ್ಯ ಅಲೆ ಬರುವುದೇ ಸುಮಾರು 100 ಮಿಲಿಸೆಕೆಂಡಿಗೆ! ಆದ್ದರಿಂದ ಒಂದೇ ವಿದ್ಯುತ್ ಮಿಡಿತವನ್ನು ಎರಡೂ ಯಂತ್ರಗಳಿಗೆ ಕಳಿಸಿ ಗುರುತು ಹಾಕುತ್ತಾರೆ, ಆರಂಭಕ್ಕೊಮ್ಮೆ, ಮುಗಿಯುವಾಗ ಇನ್ನೊಮ್ಮೆ. ಮೊದಲಿನದು ಮಾತ್ರ ಇದ್ದರೆ ನಡುವೆ ಎಷ್ಟು ಸರಿಯಿತೆಂಬುದು ತಿಳಿಯುವುದಿಲ್ಲ.

ಇಷ್ಟಾದರೂ ನೀರಿನ ಬಿಸಿ ಅಳೆಯುವ ಉಷ್ಣಮಾಪಕ ತಾನು ಕಾದ ಮೇಲೆಯೇ ಬಿಸಿಯನ್ನು ಹೇಳುತ್ತದೆ. ಜಾತ್ರೆಯಲ್ಲಿ ಬಾಣ ಸಿಡಿದದ್ದು ಕಣ್ಣಿಗೆ ಕಂಡಾಗ ಅದರ ಸದ್ದು ಇನ್ನೂ ದಾರಿಯಲ್ಲಿರುತ್ತದಲ್ಲ, ಹಾಗೆ. ರೋಗಿಯ ತಲೆಯ ಮೇಲೆ ಮೊದಲ ತಂಬಿಗೆ ಎತ್ತುವ ಮುನ್ನ, ಬರೀ ಬಕೆಟ್ಟಿನ ಬಿಸಿನೀರಿಗೆ ಉಷ್ಣಮಾಪಕವನ್ನು ಅದ್ದಿ, ಎಷ್ಟು ತಡವಾಗುತ್ತದೆಂದು ಅಳೆದು ಬರೆದಿಟ್ಟುಕೊಳ್ಳಬೇಕು.