ಲಿನಕ್ಸ್ ಜನಸಾಮಾನ್ಯರ ಕೈಗೆಟುಕುವುದೇ?
(ಕಾರ್ಯಕರ್ತರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)



2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪೆನಿ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11 ಒಪ್ಪದ ಹಳೆಯ ಕಂಪ್ಯೂಟರುಗಳು ಕೆಟ್ಟಿಲ್ಲ. ಆದರೂ ಮೂಲೆಗೆ ಸೇರುತ್ತಿವೆ. ಅವುಗಳಲ್ಲಿ ಲಿನಕ್ಸ್ ಹಾಕಬಹುದಲ್ಲ ಎಂದರೆ, "ಅದು ಪಂಡಿತರಿಗೆ ಮಾತ್ರ" ಎಂಬ ಉತ್ತರ ಬರುತ್ತದೆ. ಇದು ನಿಜವೇ ಎಂಬುದನ್ನು ನಾವು ವಿಚಾರ ಮಾಡಬೇಕಾಗಿದೆ.

ಒಂದು ಕಾಲಕ್ಕೆ ನಿಜವಿತ್ತು. ಒಂದು ತಂತ್ರಾಂಶವನ್ನು ಅಳವಡಿಸಹೊರಟರೆ ಅದಕ್ಕೆ ಮತ್ತೊಂದು ಬೇಕು, ಆ ಮತ್ತೊಂದಕ್ಕೆ ಮಗುದೊಂದು ಬೇಕು. ಎಲ್ಲವನ್ನೂ ತಾನೇ ಹುಡುಕಿ ಜೋಡಿಸುವಷ್ಟು ಬಿಡುವು ದುಡಿದು ತಿನ್ನುವವನಿಗೆ ಎಲ್ಲಿಂದ ಬರಬೇಕು?

ಈ ತೊಡಕನ್ನು ಬಿಡಿಸಿದ್ದು ಸಾಮೂಹಿಕ ದುಡಿಮೆ. 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ ಯೋಜನೆಯ ಸ್ವಯಂಸೇವಕರು ತಂತ್ರಾಂಶಗಳನ್ನೆಲ್ಲ ಒಂದು ಉಗ್ರಾಣದಲ್ಲಿ ಅಣಿಗೊಳಿಸಿಟ್ಟರು. 1999ರ ಡೆಬಿಯನ್ 2.1ರೊಡನೆ 'ಆಪ್ಟ್' ಎಂಬ ಸಾಧನ ಬಂತು. ಬೇಕಾದುದರ ಹೆಸರು ಹೇಳಿದರೆ ಸಾಕು, ಅದಕ್ಕೆ ಪೂರಕವಾದುದನ್ನೆಲ್ಲ ಅದೇ ಕೂಡಿಸಿ ತರುತ್ತದೆ; ಸರಕು ಉಗ್ರಾಣದ್ದೇ ಹೌದೇ ಎಂದು ಡಿಜಿಟಲ್ ಸಹಿಯನ್ನೂ ಪರೀಕ್ಷಿಸುತ್ತದೆ. 2004ರಲ್ಲಿ ಬಂದ ಉಬುಂಟು ಇದೇ ತಳಹದಿಯ ಮೇಲೆ ನಿಂತಿದೆ. ಇಂದು ಆಜ್ಞೆಗಳನ್ನು ಟೈಪು ಮಾಡುವ ಅಗತ್ಯವೂ ಇಲ್ಲ. ಪರದೆಯ ಮೇಲಿನ ಮಳಿಗೆ ತೆರೆದು, ಹೆಸರು ಹುಡುಕಿ, ಗುಂಡಿಯೊತ್ತಿ, ಪಾಸ್‌ವರ್ಡ್ ಕೊಟ್ಟರೆ ಮುಗಿಯಿತು. ಕನ್ನಡದ ಗುಬ್ಬಿ, ನವಿಲು ಅಕ್ಷರಶೈಲಿಗಳೂ ಡೆಬಿಯನ್ ಉಗ್ರಾಣದಲ್ಲಿ ಬೆಲೆಯಿಲ್ಲದೆ ದೊರೆಯುತ್ತವೆ.

ಹಾಗೆಂದು ಕಷ್ಟವೇ ಇಲ್ಲವೆಂದು ನಾವು ಜನರನ್ನು ನಂಬಿಸಬಾರದು. ಡೆಬ್, ಆರ್‌ಪಿಎಂ, ಸ್ನ್ಯಾಪ್, ಫ್ಲ್ಯಾಟ್‌ಪ್ಯಾಕ್ ಎಂದು ಒಂದೇ ಸರಕಿಗೆ ಹಲವು ಬಗೆಯ ಕಟ್ಟುಗಳಿದ್ದು, ಹೊಸಬನಿಗೆ ಗೊಂದಲವಾಗುವುದು ಸಹಜ. ಫೋಟೋಶಾಪನ್ನು ಅದರ ಒಡೆಯರು ಲಿನಕ್ಸಿಗಾಗಿ ತಯಾರಿಸುವುದೇ ಇಲ್ಲ. ಅದನ್ನೇ ನಂಬಿ ಸ್ಟುಡಿಯೋ ನಡೆಸುವವನ ಹೊಟ್ಟೆ ನಮ್ಮ ಉಪದೇಶದಿಂದ ತುಂಬದು. ಗುರುತಿಲ್ಲದ ಕಡೆಯಿಂದ ಆಜ್ಞೆಗಳನ್ನು ನಕಲು ಮಾಡಿ ಯಂತ್ರಕ್ಕೆ ಕೊಡುವುದಂತೂ ಅಪಾಯಕರ.

ಆದರೆ ಓದು ಬರಹ, ಅರ್ಜಿ, ಲೆಕ್ಕಪತ್ರ, ಮಕ್ಕಳ ಪಾಠ — ಇಷ್ಟಕ್ಕೆ ಬೇಕಾದುದೆಲ್ಲ ಉಗ್ರಾಣದಲ್ಲಿದೆ. ಉಳಿದಿರುವ ದೊಡ್ಡ ಅಡ್ಡಿ ರೂಢಿಯದು. ಅಂಗಡಿಯಿಂದ ಬರುವ ಹೆಚ್ಚಿನ ಯಂತ್ರಗಳಲ್ಲಿ ವಿಂಡೋಸ್ ಮೊದಲೇ ಕುಳಿತಿರುತ್ತದೆ. ಮೊದಲು ಕಂಡದ್ದೇ ಸುಲಭವೆಂದು ತೋರುತ್ತದೆ.

ಆದ್ದರಿಂದ ಠರಾವು ಮಾಡಿ ಕೈತೊಳೆದುಕೊಳ್ಳುವುದು ಬೇಡ. ಊರಿನ ವಾಚನಾಲಯಕ್ಕೆ ಮೂಲೆ ಸೇರಿದ ಒಂದು ಯಂತ್ರವನ್ನು ತರೋಣ. ಅದರಲ್ಲಿ ಲಿನಕ್ಸ್ ಹಾಕಿ, ಹತ್ತು ಮಂದಿಗೆ ಕನ್ನಡದಲ್ಲಿ ಕಲಿಸೋಣ. ಆ ಹತ್ತು ಮಂದಿ ತಮ್ಮ ಮನೆಯ ಯಂತ್ರವನ್ನು ಗುಜರಿಗೆ ಹಾಕದೆ ಉಳಿಸಿಕೊಂಡರೆ, ಈ ಶಿಬಿರ ಸಾರ್ಥಕವಾಯಿತೆಂದು ನಾವು ತಿಳಿಯುತ್ತೇವೆ.