ಚೀನಾದಲ್ಲಿ ಇಂಗ್ಲಿಷ್ ಮನೆಪಾಠ


ಚೀನಾದ ಕಾಲೇಜು ಪ್ರವೇಶ ಪರೀಕ್ಷೆ 'ಗಾವೊಕಾವೊ'. ಸಾಮಾನ್ಯವಾಗಿ ಅದರ 750 ಅಂಕಗಳಲ್ಲಿ ವಿದೇಶಿ ಭಾಷೆಗೆ 150. ಹೆಚ್ಚಿನವರು ಆರಿಸಿಕೊಳ್ಳುವುದು ಇಂಗ್ಲಿಷನ್ನೇ. ಹೀಗಾಗಿ ಮನೆಪಾಠಕ್ಕೆ ಬೇಡಿಕೆ ಬೆಳೆಯಿತು. ಆದರೆ 2021ರ ಜುಲೈನಲ್ಲಿ ಸರ್ಕಾರವು, ಒಂಬತ್ತನೆಯ ತರಗತಿಯವರೆಗಿನ ಮಕ್ಕಳಿಗೆ ಶಾಲಾ ವಿಷಯಗಳನ್ನು ಲಾಭಕ್ಕಾಗಿ ಬೋಧಿಸುವುದನ್ನು ನಿಷೇಧಿಸಿತು. ಮಕ್ಕಳ ಹೊರೆಯನ್ನೂ ತಂದೆತಾಯಿಯರ ಖರ್ಚನ್ನೂ ಇಳಿಸುವುದು ಇದರ ಉದ್ದೇಶ.

ಈ ಕೆಲಸಕ್ಕೆ ಹೊರಡುವವರು ಸಂಬಳಕ್ಕಿಂತ ಮೊದಲು ಕಾಗದಪತ್ರಗಳನ್ನು ನೋಡಬೇಕು. ಪದವಿ, ಕೆಲಸದ ವೀಸಾ, ಪರವಾನಗಿ ಮೂರೂ ಬೇಕು. ಇಂಗ್ಲಿಷ್ ಮಾತೃಭಾಷೆಯಾಗಿರುವ ದೇಶದವರಿಗೆ ಆದ್ಯತೆ. ಪರವಾನಗಿಯಲ್ಲಿ ಹೆಸರಿಸಿದ ಸಂಸ್ಥೆಯ ಹೊರಗೆ, ಸಂಜೆ ಹೊತ್ತು ಹಣ ಪಡೆದು ಪಾಠ ಹೇಳಿದರೂ ದಂಡವಾಗಬಹುದು, ದೇಶ ಬಿಡಬೇಕಾಗಬಹುದು. 'ಪ್ರವಾಸಿ ವೀಸಾದಲ್ಲಿ ಬನ್ನಿ, ಉಳಿದದ್ದು ಆಮೇಲೆ' ಎನ್ನುವವರನ್ನು ನಂಬಬೇಡಿ. ಸಹಿ ಹಾಕುವ ಮುನ್ನ ಕರಾರುಪತ್ರವನ್ನು ಪೂರ್ತಿ ಓದಿ.