ಊರ ಬಾವಿಯಂಥ ಕೈಪಿಡಿ



ಅಂತರಜಾಲದ ಪುಟಗಳನ್ನು ಕಟ್ಟುವವರಿಗೆ ಎಂ.ಡಿ.ಎನ್. ಎಂಬ ದೊಡ್ಡದೊಂದು ಕೈಪಿಡಿಯಿದೆ. ಮೊಜಿಲ್ಲಾ ಸಂಸ್ಥೆಯು 2005ರಲ್ಲಿ ಅದನ್ನು ಆರಂಭಿಸಿತು. ಓದಿದವರೇ ಅದರ ತಪ್ಪನ್ನು ತಿದ್ದಬಹುದು, ಹೊಸ ವಿಷಯವನ್ನು ಸೇರಿಸಬಹುದು. ಪರಿಶೀಲಕರು ಒಪ್ಪಿದ ಬಳಿಕ ಅದು ಎಲ್ಲರಿಗೂ ಉಚಿತವಾಗಿ ದೊರೆಯುತ್ತದೆ. ಅದು ಊರ ಬಾವಿಯಂತೆ. ನೀರು ಸೇದುವವರೇ ಹೂಳನ್ನೂ ತೆಗೆಯಬೇಕು.

ಆ ಕೈಪಿಡಿಯು ಫ್ರೆಂಚ್, ಜಪಾನಿ, ಕೊರಿಯನ್ ಮೊದಲಾದ ಭಾಷೆಗಳಲ್ಲಿದೆ; ಕನ್ನಡದಲ್ಲಿಲ್ಲ. ಆದರೆ ಇಂಥ ಸಹಕಾರವು ಕನ್ನಡಿಗರಿಗೆ ಹೊಸತಲ್ಲ. 2003ರಲ್ಲಿ ಮೊದಲಾದ ಕನ್ನಡ ವಿಕಿಪೀಡಿಯವನ್ನು ಬೆಳೆಸಿದವರು ಸಂಬಳವನ್ನು ಬಯಸದೆ ಬರೆದ ಜನರೇ.

ಕನ್ನಡದಲ್ಲಿ ಓದಿದ ಮಕ್ಕಳು ಮುಂದೆ ಇಂಗ್ಲಿಷ್ ಕೈಪಿಡಿಯೆದುರು ತಡವರಿಸುವುದನ್ನು ಕಂಡು, ‘ಈ ಗಡಿಯ ಜಳಕೋಟದಲ್ಲಿ ಕನ್ನಡ ಶಾಲೆಯೇಕೆ?’ ಎಂದು ಕೆಲವು ಪಾಲಕರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದುದೇ. ಬರಿಯ ಭಾಷಣದಿಂದ ನಾವು ಅದಕ್ಕೆ ಉತ್ತರ ಹೇಳಲಾರೆವು.

ಪುಟ ಕಟ್ಟಲು ಕಲಿತ ವಿದ್ಯಾರ್ಥಿಯು ಒಂದೊಂದು ಪಾಠವನ್ನೂ ಕನ್ನಡದಲ್ಲಿ ಬರೆದಿಡಲಿ. ಮತ್ತೊಬ್ಬರು ಅದರಂತೆಯೇ ಮಾಡಿ ನೋಡಿ, ತಪ್ಪಿದ್ದಲ್ಲಿ ತಿದ್ದಲಿ. ಇಂಗ್ಲಿಷ್ ಸಂಕೇತಪದಗಳು ಇದ್ದಂತೆಯೇ ಇರಲಿ, ವಿವರಣೆಯು ಕನ್ನಡದಲ್ಲಿರಲಿ. ಮುಂದಿನ ವರ್ಷದ ಮಕ್ಕಳು ಆ ವಹಿಯನ್ನು ತೆರೆದು ಕಲಿಯತೊಡಗಿದರೆ, ಪಾಲಕರ ಪ್ರಶ್ನೆಗೆ ಮಕ್ಕಳೇ ಉತ್ತರ ಕೊಟ್ಟಂತಾಗುವುದು.